ಕುರ್ಚಿಯ ಎಡಮಗ್ಗುಲು

ಹಾರ್ಬರ್ ಲೈನಿನ ಗಾಡಿ ವಡಾಲ ರೋಡ್ ದಾಟಿ ಮುಂದಿನ ನಿಲ್ದಾಣದಲ್ಲಿ ನಿಂತಾಗ ಬೆಳಿಗ್ಗೆ ಎಂಟೂಕಾಲು. ಬೋರ್ಡಿನ ಮೇಲೆ ಗುರು ತೇಗ್ ಬಹಾದೂರ್ ನಗರ ಎಂದಿದೆ. ಹಳಬರು ಈಗಲೂ ಇದನ್ನು ಕೋಳಿವಾಡ ಎಂದೇ ಕರೆಯುತ್ತಾರೆ. ಸೇತುವೆ ಇಳಿದು ಪೂರ್ವಕ್ಕೆ ತಿರುಗಿದರೆ ಚಹದ ಗಾಡಿ, ಹೂವಿನ ಬುಟ್ಟಿ, ಶಾಲೆಗೆ ಓಡುವ ಮಕ್ಕಳು. ತುಸು ಮುಂದೆ ಹೋದರೆ ಮೊನೊರೈಲಿನ ಕಾಂಕ್ರೀಟ್ ಕಂಬಗಳ ಸಾಲು. 2019ರ ಮಾರ್ಚ್‌ನಲ್ಲಿ ಆ ಮಾರ್ಗದ ಎರಡನೇ ಹಂತ ತೆರೆದಾಗ ಆಂಟಾಪ್ ಹಿಲ್‌ಗೂ ಒಂದು ನಿಲ್ದಾಣ ಸಿಕ್ಕಿತು. ಅದೇ ಹಳಿ ಹಿಡಿದು ಚೆಂಬೂರಿನತ್ತ ಹೋದರೆ ಮೈಸೂರು ಕಾಲನಿ ಎಂಬ ನಿಲ್ದಾಣವೂ ಉಂಟು. ಮುಂಬಯಿಯಲ್ಲಿ ನಮ್ಮ ಊರಿನ ಹೆಸರು ಹೀಗೆ ಎಲ್ಲಿಂದಲೋ ಎದುರಾಗಿ ಕಾಲು ನಿಲ್ಲಿಸುತ್ತದೆ.

ಈ ನೆಲದ ಒಡೆಯರಲ್ಲಿ ಒಬ್ಬನಾಗಿದ್ದ ಅಂತೋಬಾ ಎಂಬವನ ಹೆಸರೇ ಇಂಗ್ಲಿಷರ ಬಾಯಲ್ಲಿ ಆಂಟಾಪ್ ಆಯಿತು ಎನ್ನುತ್ತಾರೆ. ಗುಡ್ಡ ಎಂದು ಹೆಸರಿದ್ದರೂ ಏರು ಈಗ ಕಟ್ಟಡಗಳ ನಡುವೆ ಅಡಗಿಹೋಗಿದೆ, ನಡೆಯುವವರ ಮೊಣಕಾಲಿಗೆ ಮಾತ್ರ ಅದರ ನೆನಪು. ಒಂದು ಕಡೆ ಶೇಖ್ ಮಿಸ್ರಿ ದರ್ಗಾದ ರಸ್ತೆ. ಇನ್ನೊಂದು ಕಡೆ ಸೆಕ್ಟರ್ ಸೆಕ್ಟರ್ ಎಂದು ಹಂಚಿಹೋದ ಕೇಂದ್ರ ಸರ್ಕಾರಿ ನೌಕರರ ಕ್ವಾರ್ಟರ್ಸ್. ಅದರಾಚೆ ಸಂಗಮ್ ನಗರ್, ಕೊರ್ಬಾ ಮಿಠಾಗರ್. ಮಿಠಾಗರ್ ಎಂದರೆ ಉಪ್ಪಿನ ಗದ್ದೆ, ಇಲ್ಲಿ ಹಿಂದೆ ಏನಿತ್ತು ಎಂಬುದನ್ನು ಆ ಹೆಸರೇ ಹೇಳುತ್ತದೆ. ಇನ್ನೂ ಪೂರ್ವಕ್ಕೆ ಹೋದರೆ ವಡಾಲ ಟ್ರಕ್ ಟರ್ಮಿನಲ್. ಕ್ವಾರ್ಟರ್ಸ್‌ನಲ್ಲಿ ದೇಶದ ಎಲ್ಲ ಮೂಲೆಯ ಗುಮಾಸ್ತರು, ಟರ್ಮಿನಲ್‌ನಲ್ಲಿ ದೇಶದ ಎಲ್ಲ ಮೂಲೆಯ ಚಾಲಕರು ಮತ್ತು ಹಮಾಲರು. ಇವರೆಲ್ಲರಿಗೂ ಹಲ್ಲು ನೋಯುತ್ತದೆ. ನಾನು ಹೊರಟಿದ್ದು ಆ ನೋವು ಬಂದು ಕೂರುವ ಒಂದು ಕೋಣೆಗೆ.

ಕ್ಲಿನಿಕ್ ಇರುವುದು ನಾಲ್ಕು ಮಹಡಿಯ ಹಳೆಯ ಕಟ್ಟಡದ ನೆಲಮಾಳಿಗೆಯಂಥ ಅಂಗಡಿಯಲ್ಲಿ. ಪಕ್ಕದಲ್ಲಿ ಹಿಟ್ಟಿನ ಗಿರಣಿ, ಇನ್ನೊಂದು ಪಕ್ಕದಲ್ಲಿ ಮೊಬೈಲ್ ರಿಪೇರಿ. ಒಂದೇ ಕುರ್ಚಿ. ಡಾಕ್ಟರ್ ಬರುವುದು ಹತ್ತಕ್ಕೆ. ಆದರೆ ಷಟರ್ ಎಂಟೂವರೆಗೇ ಏರುತ್ತದೆ. ಏರಿಸುವವಳು ಇಪ್ಪತ್ತು ವರ್ಷದ ಒಬ್ಬ ಹುಡುಗಿ. ಅಪ್ಪ ಕಲಬುರಗಿ ಜಿಲ್ಲೆಯವರು, ಟ್ರಕ್ ಟರ್ಮಿನಲ್‌ನಲ್ಲಿ ಲೋಡಿಂಗ್ ಕೆಲಸ. ಅವಳು ಹುಟ್ಟಿದ್ದು ಇಲ್ಲೇ, ಮೊದಲ ಅಕ್ಷರ ಕಲಿತದ್ದು ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ. ಮುಂಬಯಿ ಪಾಲಿಕೆ ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅದರಲ್ಲೊಂದು. ಹನ್ನೆರಡನೇ ತರಗತಿ ಮುಗಿಸಿ ದಂತ ಸಹಾಯಕಿಯ ಒಂದು ವರ್ಷದ ಕೋರ್ಸಿಗೆ ಸೇರಿದ್ದಾಳೆ. ವಾರಕ್ಕೆ ಎರಡು ಸಂಜೆ ದಾದರ್‌ನಲ್ಲಿ ಪಾಠ, ಉಳಿದ ದಿನ ಇಲ್ಲಿ ಕೈಕೆಲಸ.

"ಬರ್ರಿ ಅಕ್ಕಾರ, ಒಳಗ ಬರ್ರಿ. ಚಪ್ಪಲ್ ಹೊರಗ ಬಿಡ್ರಿ," ಎಂದಳು. ಕನ್ನಡ ಕೇಳಿ ನನಗಾದ ಸಂತೋಷವನ್ನು ಹೇಳಿಕೊಳ್ಳುವಷ್ಟು ಸಮಯ ಅವಳಿಗಿರಲಿಲ್ಲ. ಅವಳ ಕೈ ಆಗಲೇ ಕೆಲಸ ಹಿಡಿದಿತ್ತು.

ಮೊದಲು ನೀರು. ಕುರ್ಚಿಗೆ ಜೋಡಿಸಿದ ಸಣ್ಣ ಕೊಳವೆಗಳಲ್ಲಿ ರಾತ್ರಿಯಿಡೀ ನಿಂತ ನೀರನ್ನು ಎರಡು ನಿಮಿಷ ಸುಮ್ಮನೆ ಹರಿಯಬಿಟ್ಟಳು. ನಿಂತ ನೀರಿನಲ್ಲಿ ಕೊಳವೆಯ ಒಳಮೈಗೆ ಲೋಳೆಯಂತೆ ಸೂಕ್ಷ್ಮಜೀವಿಗಳು ಅಂಟಿಕೊಳ್ಳುತ್ತವೆ, ಅದೇ ನೀರು ರೋಗಿಯ ಬಾಯಿಗೆ ಹೋಗಬಾರದು. ಒಬ್ಬ ರೋಗಿ ಎದ್ದು ಇನ್ನೊಬ್ಬರು ಕೂರುವ ನಡುವೆಯೂ ಇಪ್ಪತ್ತು ಮೂವತ್ತು ಸೆಕೆಂಡು ಹೀಗೇ ಬಿಡಬೇಕು. ಆಮೇಲೆ ಕುರ್ಚಿಯ ತಲೆದಿಂಬು, ದೀಪದ ಹಿಡಿಕೆ, ಗುಂಡಿಗಳು: ಡಾಕ್ಟರ್ ಕೈಗವಸಿನಲ್ಲಿ ಮುಟ್ಟುವ ಜಾಗಗಳನ್ನೆಲ್ಲ ದ್ರಾವಣದಲ್ಲಿ ಒರೆಸಿ ತೆಳುವಾದ ಪ್ಲಾಸ್ಟಿಕ್ ಸುತ್ತಿದಳು. ರೋಗಿಯಿಂದ ರೋಗಿಗೆ ಆ ಸುತ್ತು ಬದಲಾಗಬೇಕು.

ಮೂಲೆಯಲ್ಲಿ ಆಟೋಕ್ಲೇವ್. ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರಿನ ದೊಡ್ಡಣ್ಣ ಎನ್ನಬಹುದು, ಕೆಲಸದ ತತ್ವ ಅದೇ. ನೀರು ಬರೀ ಕುದಿದರೆ 100 ಡಿಗ್ರಿ, ಅದಕ್ಕೆ ಸಾಯದ ಬೀಜಾಣುಗಳಿವೆ. ಒತ್ತಡದಲ್ಲಿ ಹಬೆ 121 ಡಿಗ್ರಿಗೆ ಏರಿ ಹದಿನೈದು ಇಪ್ಪತ್ತು ನಿಮಿಷ ಅಲ್ಲೇ ನಿಂತರೆ ಅವೂ ಸಾಯುತ್ತವೆ. ಉಪಕರಣಗಳನ್ನು ಮೊದಲು ಬ್ರಷ್‌ನಲ್ಲಿ ಉಜ್ಜಿ ತೊಳೆದು, ಒಣಗಿಸಿ, ಕಾಗದದ ಚೀಲದಲ್ಲಿ ಹಾಕಿ ಮುಚ್ಚಿ ಒಳಗಿಡಬೇಕು. ರಕ್ತದ ಕಲೆ ಉಳಿದರೆ ಅದರ ಅಡಿಯಲ್ಲಿ ಹಬೆ ತಾಗುವುದಿಲ್ಲ. ಚೀಲಕ್ಕೆ ಅಂಟಿಸಿದ ಪಟ್ಟಿಯ ಮೇಲೆ ಗೆರೆಗಳು ಕಪ್ಪಾದರೆ ಚೀಲಕ್ಕೆ ಶಾಖ ತಾಗಿದೆ ಎಂದು ತಿಳಿಯಬಹುದು. ಒಳಗೆ ಪೂರ್ತಿ ಶುದ್ಧವಾಗಿದೆ ಎಂಬುದಕ್ಕೆ ಅದೊಂದೇ ಸಾಕ್ಷಿ ಸಾಲದು, ಅದಕ್ಕೆ ಬೇರೆ ಪರೀಕ್ಷೆ ಇದೆ ಎಂದು ಅವಳೇ ತಿದ್ದಿದಳು. ಮೂರು ತಿಂಗಳ ಕಲಿಕೆಯಲ್ಲಿ ಈ ವ್ಯತ್ಯಾಸ ಹೇಳಬಲ್ಲವಳನ್ನು ಕಂಡು ನನಗೆ ಗೌರವ ಹುಟ್ಟಿತು. ನಾನು ಚಿಕ್ಕವಳಿದ್ದಾಗ ನಮ್ಮ ಊರಿನಲ್ಲಿ ಹಲ್ಲು ಕೀಳುತ್ತಿದ್ದವರು ಇಕ್ಕಳವನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ ತೆಗೆದು ಮುಂದಿನವರ ಬಾಯಿಗೆ ಹಾಕುತ್ತಿದ್ದದ್ದನ್ನು ನೋಡಿದ್ದೇನೆ. ಆ ಬೋಗುಣಿಯ ನೀರಿನ ಬಣ್ಣ ಇನ್ನೂ ಕಣ್ಣಲ್ಲಿದೆ.

ಒಂಬತ್ತೂವರೆಗೆ ಹಿರಿಯ ಸಹಾಯಕಿ ಬಂದರು. ಐವತ್ತು ದಾಟಿದವರು, ಉಡುಪಿ ಕಡೆಯವರು, ಇದೇ ಕೆಲಸದಲ್ಲಿ ಇಪ್ಪತ್ತಾರು ವರ್ಷ. ರೋಗಿಗಳು ಅವರನ್ನು ತಾಯಿ ಎಂದು ಕರೆಯುತ್ತಾರೆ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ನಮ್ಮ ಕಿವಿಗೆ ಅದು ಅಮ್ಮ ಎಂದು ಕೇಳಿಸುತ್ತದೆ, ಅವರನ್ನು ನೋಡಿದರೆ ಎರಡೂ ಸರಿ ಅನ್ನಿಸುತ್ತದೆ. ಹುಡುಗಿಗೆ ಇಲ್ಲಿ ನಿಜವಾದ ಗುರು ಇವರೇ.

"ನನಗೆ ಯಾರೂ ಕೂತು ಕಲಿಸಿದ್ದಲ್ಲ ಮಾರಾಯ್ರೆ. ನೆಲ ಒರೆಸ್ಲಿಕ್ಕೆ ಅಂತ ಸೇರಿದ್ದು. ಡಾಕ್ಟರ್ ಕೈ ಎಲ್ಲಿಗೆ ಹೋಗ್ತದೆ ಅಂತ ನೋಡ್ತಾ ನೋಡ್ತಾ ಕಲಿತದ್ದು," ಎಂದರು. ಆರಂಭದ ದಿನಗಳಲ್ಲಿ, ಬೇರೊಂದು ಕಡೆ, ಕಸದ ಚೀಲದೊಳಗಿದ್ದ ಸೂಜಿ ಅವರ ಹೆಬ್ಬೆರಳಿಗೆ ಚುಚ್ಚಿತ್ತಂತೆ. ಹೆಪಟೈಟಿಸ್ ಬಿ ಲಸಿಕೆ ಎಂಬುದೊಂದಿದೆ ಎಂದು ಅವರಿಗೆ ಅಲ್ಲಿ ಯಾರೂ ಹೇಳಿರಲಿಲ್ಲ. ತಿಂಗಳುಗಟ್ಟಲೆ ಹೆದರಿಕೆಯಲ್ಲಿ ಕಳೆದರು. ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಹೊಸಬರು ಬಂದ ಮೊದಲ ದಿನವೇ ಅವರು ಕೇಳುವ ಪ್ರಶ್ನೆ ಒಂದೇ: "ಲಸಿಕೆ ಆಗಿದೆಯಾ?"

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ಕೆಲಸಕ್ಕೆ ಮಗಳನ್ನು ಕಳಿಸುವ ತಂದೆತಾಯಿಗಳು ಇದನ್ನು ತಿಳಿದಿರಬೇಕು. ಲಸಿಕೆ ಮೂರು ಬಾರಿ: ಮೊದಲನೆಯದು, ಒಂದು ತಿಂಗಳ ನಂತರ ಎರಡನೆಯದು, ಆರನೇ ತಿಂಗಳಲ್ಲಿ ಮೂರನೆಯದು. ಸೋಂಕಿರುವ ರಕ್ತದ ಸೂಜಿ ಚುಚ್ಚಿದಾಗ ಎಚ್.ಐ.ವಿ. ತಗಲುವ ಸಾಧ್ಯತೆ ಸಾವಿರಕ್ಕೆ ಮೂರು. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ ಮೂವತ್ತರವರೆಗೂ ಹೋಗಬಹುದು. ಜನ ಹೆದರುವುದು ಮೊದಲನೆಯದಕ್ಕೆ. ಎರಡನೆಯದಕ್ಕೆ ಲಸಿಕೆ ಇದ್ದೂ ಹಾಕಿಸಿಕೊಳ್ಳುವುದಿಲ್ಲ. ಚುಚ್ಚಿದರೆ ಹಿಂಡಬಾರದು, ಬೆರಳನ್ನು ಬಾಯಿಗಿಡಬಾರದು, ಸೋಪಿನಲ್ಲಿ ಹರಿಯುವ ನೀರಿನಡಿ ತೊಳೆದು ಕೂಡಲೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಎಚ್.ಐ.ವಿ. ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಇಲ್ಲಿಂದ ಸಯನ್ ಆಸ್ಪತ್ರೆ, ಅಂದರೆ ಪಾಲಿಕೆಯ ಲೋಕಮಾನ್ಯ ತಿಲಕ್ ಆಸ್ಪತ್ರೆ, ಹತ್ತಿರವೇ, ಟ್ಯಾಕ್ಸಿಯಲ್ಲಿ ಹೋಗಬಹುದು. ಹುಡುಗಿ ಸೂಜಿಗೆ ಮುಚ್ಚಳ ಹಾಕುವ ರೀತಿಯನ್ನು ನನಗೆ ಮಾಡಿ ತೋರಿಸಿದಳು. ಮುಚ್ಚಳವನ್ನು ಟ್ರೇಯ ಮೇಲೆ ಮಲಗಿಸಿ, ಒಂದೇ ಕೈಯಲ್ಲಿ ಸಿರಿಂಜ್ ಹಿಡಿದು, ಸೂಜಿಯಿಂದಲೇ ಮುಚ್ಚಳವನ್ನು ಗೋರಿ ಎತ್ತಿದಳು. ಇನ್ನೊಂದು ಕೈ ಬೆನ್ನ ಹಿಂದೆ. "ಈ ಕೈ ಮುಂದ ತಂದ್ರ ತಾಯಿ ಹೊಡೀತಾರ್ರಿ," ಎಂದು ನಕ್ಕಳು.

ಹತ್ತಕ್ಕೆ ಡಾಕ್ಟರ್ ಬಂದರು. ಮರಾಠಿ ಮಾತಿನ ಹೆಣ್ಣುಮಗಳು, ಬಿ.ಡಿ.ಎಸ್. ಓದಿದ್ದು ನಮ್ಮ ಧಾರವಾಡದಲ್ಲಿ. ಮಣಿಪಾಲದಲ್ಲಿ 1965ರಲ್ಲಿ, ದಾವಣಗೆರೆಯ ಬಾಪೂಜಿ ಸಂಸ್ಥೆಯಲ್ಲಿ 1979ರಲ್ಲಿ, ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ದಂತ ಕಾಲೇಜುಗಳು ಆರಂಭವಾದ ಮೇಲೆ ಹೊರರಾಜ್ಯಗಳ ಮಕ್ಕಳು ಕರ್ನಾಟಕಕ್ಕೆ ಬಂದು ಈ ವಿದ್ಯೆ ಕಲಿತು ಹೋದದ್ದು ಕಡಿಮೆಯಲ್ಲ. ಡಾಕ್ಟರಿಗೆ ಕನ್ನಡ ಅಷ್ಟಾಗಿ ಬಾರದು. ಆದರೆ "ಬಾಯಿ ತೆಗೀರಿ", "ಉಗುಳ್ರಿ", "ನೋವದ ಏನ್ರಿ" ಈ ಮೂರನ್ನು ಅಪ್ಪಟ ಧಾರವಾಡದ ಧಾಟಿಯಲ್ಲಿ ಹೇಳುತ್ತಾರೆ.

ಮೊದಲ ರೋಗಿ ಕ್ವಾರ್ಟರ್ಸ್‌ನ ನಿವೃತ್ತ ನೌಕರರು, ತೆಲುಗರು. ಎರಡನೆಯವರು ಹಿಂದಿಯ ಟ್ರಕ್ ಚಾಲಕ. ಮೂರನೆಯವರು ಮೊಮ್ಮಗನನ್ನು ಕರೆತಂದ ತಮಿಳು ಅಜ್ಜಿ. ಹುಡುಗಿ ಒಬ್ಬೊಬ್ಬರೊಂದಿಗೂ ಅವರವರ ಮಾತಿನಲ್ಲಿ ನಾಲ್ಕು ಪದ ಆಡಿದಳು. ದವಡೆ ಹಲ್ಲಿಗೆ ಮರಾಠಿಯಲ್ಲಿ ದಾಢ್, ಒಸಡಿಗೆ ಹಿರಡಿ, ಹಿಂದಿಯಲ್ಲಿ ಮಸೂಡಾ. ತಮಿಳರಿಗೆ ಹುಳುಕು ಹಲ್ಲು ಸೊತ್ತೈ. ಹಿರಿಯ ಸಹಾಯಕಿಯ ತುಳುವಿನಲ್ಲಿ ಹಲ್ಲಿಗೆ ಕೂಲಿ ಎನ್ನುತ್ತಾರೆ, ಕನ್ನಡದ ಹುಡುಗಿಗೆ ಮೊದಲು ಅದು ದಿನಗೂಲಿ ಎಂದೇ ಕೇಳಿಸಿತ್ತಂತೆ. ನೋಯುವವನಿಗೆ ನೋವನ್ನು ಪರಭಾಷೆಯಲ್ಲಿ ವಿವರಿಸಲು ಬರುವುದಿಲ್ಲ. ಜುಮ್ಮೆನ್ನುತ್ತದೆ, ಸಿಡಿಯುತ್ತದೆ, ಕುಟುಕುತ್ತದೆ ಎಂಬುದೆಲ್ಲ ತಾಯ್ನುಡಿಯಲ್ಲೇ ಬರಬೇಕು. ಜುಮ್ಮೆಂದರೆ ಒಂದು ಕಾಯಿಲೆ, ರಾತ್ರಿ ಮಲಗಿದಾಗ ಸಿಡಿದರೆ ಇನ್ನೊಂದು. ಆ ವ್ಯತ್ಯಾಸವನ್ನು ಡಾಕ್ಟರಿಗೆ ದಾಟಿಸುವವರು ಇವರು. ಯಾವ ಕೋರ್ಸಿನ ಪಠ್ಯದಲ್ಲೂ ಇದಕ್ಕೆ ಅಂಕವಿಲ್ಲ. ಆಂಟಾಪ್ ಹಿಲ್‌ನಂಥ ಜಾಗದಲ್ಲಿ ಇದೇ ಅರ್ಧ ವಿದ್ಯೆ ಎಂದು ನನಗನ್ನಿಸಿತು.

ಹಲ್ಲುಗಳಿಗೆ ಇನ್ನೊಂದು ಭಾಷೆ ಇದೆ, ಅಂಕಿಯದು. ಬಾಯಿಯನ್ನು ನಾಲ್ಕು ಭಾಗ ಮಾಡಿ, ರೋಗಿಯ ಬಲ ಮೇಲ್ಭಾಗ ಒಂದು, ಎಡ ಮೇಲ್ಭಾಗ ಎರಡು, ಎಡ ಕೆಳಭಾಗ ಮೂರು, ಬಲ ಕೆಳಭಾಗ ನಾಲ್ಕು. ನಡುಗೆರೆಯಿಂದ ಹಿಂದಕ್ಕೆ ಹಲ್ಲುಗಳನ್ನು ಒಂದರಿಂದ ಎಂಟರವರೆಗೆ ಎಣಿಸಬೇಕು. ಒಂದು ಎರಡು ಬಾಚಿ ಹಲ್ಲು, ಮೂರು ಕೋರೆ ಹಲ್ಲು, ಎಂಟು ಬುದ್ಧಿ ಹಲ್ಲು. ಎಡ ಕೆಳಭಾಗದ ಆರನೆಯದು ಮೂರು-ಆರು. ಅದನ್ನು ಮೂವತ್ತಾರು ಎಂದು ಓದುವಂತಿಲ್ಲ, ಇರುವುದೇ ಮೂವತ್ತೆರಡು ಹಲ್ಲು. ಮಗುವಿಗೆ ಆರು ವರ್ಷವಾದಾಗ ಹಾಲು ಹಲ್ಲುಗಳ ಹಿಂದೆ ಸದ್ದಿಲ್ಲದೆ ಮೂಡುವ ದವಡೆ ಹಲ್ಲು ಅದು. ಬಿದ್ದು ಮತ್ತೆ ಬರುವ ಹಾಲು ಹಲ್ಲೆಂದು ತಿಳಿದು ತಾಯಂದಿರು ಅಲಕ್ಷಿಸುತ್ತಾರೆ. ಈ ಕೋಣೆಯ ದಾಖಲೆಯ ಪುಸ್ತಕದಲ್ಲಿ ಮೂರು-ಆರು, ನಾಲ್ಕು-ಆರು ಮತ್ತೆ ಮತ್ತೆ ಬರುವುದನ್ನು ನಾನೇ ಪುಟ ತಿರುವಿ ನೋಡಿದೆ.

ನಿವೃತ್ತರಿಗೆ ಆರ್.ಸಿ.ಟಿ., ಅಂದರೆ ಹಲ್ಲಿನ ಬೇರಿನ ನಾಳದ ಚಿಕಿತ್ಸೆ. ಕೂರಿಸುವ ಮೊದಲು ಹುಡುಗಿ ಕೇಳಿದ್ದು: ಸಕ್ಕರೆ ಕಾಯಿಲೆ ಇದೆಯೇ, ಬಿ.ಪಿ. ಇದೆಯೇ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ, ತಿಂಡಿ ತಿಂದು ಬಂದಿದ್ದೀರಾ. ತಿನ್ನದೆ ಬಂದವರು ಮರಗಟ್ಟಿಸುವ ಚುಚ್ಚುಮದ್ದಿನ ನಂತರ ತಲೆ ತಿರುಗಿ ಬೀಳುವುದುಂಟು. ಆಮೇಲೆ ಕುರ್ಚಿ ಮಲಗಿತು, ದೀಪ ಉರಿಯಿತು, ಮತ್ತು ನಾನು ನೋಡಲು ಬಂದ ಸಂಗತಿ ಶುರುವಾಯಿತು.

ರೋಗಿಯ ಮುಖವನ್ನು ಒಂದು ಗಡಿಯಾರ ಎಂದುಕೊಳ್ಳಿ. ತಲೆಯ ನೆತ್ತಿ ಹನ್ನೆರಡು ಗಂಟೆ. ಬಲಗೈಯ ಡಾಕ್ಟರ್ ಕೂರುವುದು ಏಳರಿಂದ ಹನ್ನೆರಡರ ನಡುವೆ. ಸಹಾಯಕಿಯ ಜಾಗ ರೋಗಿಯ ಎಡಮಗ್ಗುಲಲ್ಲಿ, ಎರಡರಿಂದ ನಾಲ್ಕರ ನಡುವೆ, ಡಾಕ್ಟರಿಗಿಂತ ನಾಲ್ಕಾರು ಇಂಚು ಎತ್ತರದಲ್ಲಿ, ಬಾಯೊಳಗೆ ನೋಟ ಬೀಳಬೇಕಲ್ಲ. ಉಪಕರಣಗಳು ಕೈ ಬದಲಾಗುವುದು ನಾಲ್ಕರಿಂದ ಏಳರ ನಡುವೆ, ರೋಗಿಯ ಗದ್ದದ ಕೆಳಗೆ, ಎದೆಯ ಹತ್ತಿರ. ಕಣ್ಣಿನ ಮೇಲಿಂದ ಯಾವ ಚೂಪಾದ ವಸ್ತುವೂ ಹಾಯಬಾರದು. ಡಾಕ್ಟರ್ ಬಾಯಿಂದ ಕಣ್ಣೆತ್ತದೆ ಬೆರಳನ್ನು ತುಸು ಹೊರಕ್ಕೆ ತಿರುಗಿಸುತ್ತಾರೆ. ಹಳೆಯ ಉಪಕರಣವನ್ನು ಸಹಾಯಕಿಯ ಕಿರುಬೆರಳು ಎತ್ತಿಕೊಳ್ಳುತ್ತದೆ, ಹೊಸದು ಅದೇ ಕ್ಷಣ ಅಂಗೈಗೆ ಬಂದು ಕೂರುತ್ತದೆ. ಅದರ ತುದಿ ಮೇಲಿನ ಹಲ್ಲಾದರೆ ಮೇಲಕ್ಕೆ, ಕೆಳಗಿನ ಹಲ್ಲಾದರೆ ಕೆಳಕ್ಕೆ ಮುಖ ಮಾಡಿರಬೇಕು. ಹಿರಿಯ ಸಹಾಯಕಿ ಮತ್ತು ಡಾಕ್ಟರ್ ನಡುವೆ ಅರ್ಧ ಗಂಟೆಯಲ್ಲಿ ಆರೇಳು ಮಾತು ಆಡಿದ್ದಿರಬೇಕು. ಯಕ್ಷಗಾನದಲ್ಲಿ ಭಾಗವತರೂ ಮದ್ದಳೆಯವರೂ ಒಬ್ಬರನ್ನೊಬ್ಬರು ನೋಡದೆಯೇ ಒಂದು ಕಡೆ ಬಂದು ಮುಟ್ಟುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ.

ಹುಡುಗಿಯ ಪಾಲಿಗೆ ಸಕ್ಷನ್, ಅಂದರೆ ಬಾಯೊಳಗಿನ ನೀರು ಎಳೆಯುವ ಕೊಳವೆ, ಇತ್ತು. ಹಲ್ಲು ಕೊರೆಯುವ ಏರೋಟರ್ ನಿಮಿಷಕ್ಕೆ ಮೂರು ಲಕ್ಷಕ್ಕೂ ಮೀರಿ ಸುತ್ತುತ್ತದೆ. ಅದರ ಬಿಸಿ ತಗ್ಗಿಸಲು ನೀರು ಚಿಮ್ಮುತ್ತಲೇ ಇರಬೇಕು, ಚಿಮ್ಮಿದ ನೀರನ್ನು ಎಳೆಯುತ್ತಲೇ ಇರಬೇಕು. ಕೊಳವೆಯ ತುದಿಯನ್ನು ಡಾಕ್ಟರಿಗಿಂತ ಮೊದಲೇ ಬಾಯೊಳಗೆ ಇಟ್ಟು, ಅದರಿಂದಲೇ ಕೆನ್ನೆಯನ್ನು ಸರಿಸಿ ಹಿಡಿದು, ಗಂಟಲಿಗೆ ತಾಗದಂತೆ, ನಾಲಗೆ ಹೀರದಂತೆ ನೋಡಿಕೊಳ್ಳುವುದು. ತುಸು ಹಿಂದೆ ಹೋದರೆ ರೋಗಿಗೆ ಓಕರಿಕೆ, ತುಸು ಮುಂದೆ ಬಂದರೆ ಡಾಕ್ಟರಿನ ಕನ್ನಡಿಗೆ ಮಂಜು. ಎರಡು ಸಲ ತಪ್ಪಿತು. ಎರಡೂ ಸಲ ತಾಯಿ ಅವಳ ಮಣಿಕಟ್ಟನ್ನು ಹಿಡಿದು ಅರ್ಧ ಇಂಚು ಸರಿಸಿದರು, ಮಾತಾಡಲಿಲ್ಲ.

ಬೇರಿನ ನಾಳವನ್ನು ಶುದ್ಧಮಾಡುವ ಫೈಲ್‌ಗಳಿಗೆ ಬಣ್ಣವಿದೆ. ಹದಿನೈದಕ್ಕೆ ಬಿಳಿ, ಇಪ್ಪತ್ತಕ್ಕೆ ಹಳದಿ, ಇಪ್ಪತ್ತೈದಕ್ಕೆ ಕೆಂಪು, ಮೂವತ್ತಕ್ಕೆ ನೀಲಿ, ಮೂವತ್ತೈದಕ್ಕೆ ಹಸಿರು, ನಲವತ್ತಕ್ಕೆ ಕಪ್ಪು, ಮತ್ತೆ ಬಿಳಿಯಿಂದ ಶುರು. ಹದಿನೈದು ಎಂದರೆ ತುದಿಯ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಹದಿನೈದು ಭಾಗ. ಹುಡುಗಿ ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದಾಳೆ. ಕನ್ನಡಿ, ಪ್ರೋಬ್, ಟ್ವೀಜರ್ ಮೂರನ್ನೂ ಸೇರಿಸಿ ಪಿ.ಎಂ.ಟಿ. ಸೆಟ್ ಎನ್ನುತ್ತಾರೆ, ಯಾರೇ ಬಂದರೂ ಮೊದಲು ಇಡುವ ತಟ್ಟೆ ಅದು. ತಾತ್ಕಾಲಿಕವಾಗಿ ಹಲ್ಲಿನ ತೂತು ಮುಚ್ಚುವ ಸಿಮೆಂಟಿನಲ್ಲಿ ಲವಂಗದ ಎಣ್ಣೆಯ ಸತ್ವ ಇರುತ್ತದೆ. ದಂತವೈದ್ಯರ ಕೋಣೆಗೆ ಇರುವ ಆ ವಾಸನೆ ಅದರದ್ದೇ. ನಮ್ಮ ಅಜ್ಜಿಯರು ನೋಯುವ ಹಲ್ಲಿಗೆ ಲವಂಗ ಒತ್ತುತ್ತಿದ್ದದ್ದು ಬರೀ ಸಮಾಧಾನಕ್ಕಲ್ಲ.

ಟ್ರಕ್ ಚಾಲಕನ ವಿಷಯ ಬೇರೆ. ಅವನು ಬಂದದ್ದು ಖಾರ ತಿಂದರೆ ಬಾಯಿ ಉರಿಯುತ್ತದೆ ಎಂದು. ಮಹಾರಾಷ್ಟ್ರದಲ್ಲಿ 2012ರಲ್ಲೇ ಗುಟ್ಕಾ ನಿಷೇಧವಾಗಿದ್ದರೂ ಅವನ ಹಲ್ಲಿನ ಬಣ್ಣ ಬೇರೆಯೇ ಹೇಳುತ್ತಿತ್ತು. ಹುಡುಗಿ ಅವನಿಗೆ ತನ್ನದೇ ಮೂರು ಬೆರಳನ್ನು ನಿಲ್ಲಿಸಿ ಬಾಯಿಗಿಡಲು ಹೇಳಿದಳು. ಎರಡೇ ಹೋದವು. ಅವಳು ರೋಗಿಗೆ ಏನನ್ನೂ ಹೇಳಲಿಲ್ಲ, ಚೀಟಿಯ ಮೂಲೆಯಲ್ಲಿ "ಎರಡು ಬೆರಳು" ಎಂದು ಬರೆದು ಡಾಕ್ಟರಿನ ಮುಂದಿಟ್ಟಳು. ಅಡಿಕೆ ಮತ್ತು ಗುಟ್ಕಾದಿಂದ ಕೆನ್ನೆಯ ಒಳಪೊರೆ ಬಿಗಿಯಾಗುತ್ತ ಬಾಯಿ ತೆರೆಯುವುದೇ ಕಡಿಮೆಯಾಗುವ ಕಾಯಿಲೆ ಅದು, ಕೆಲವರಲ್ಲಿ ಮುಂದೆ ಕ್ಯಾನ್ಸರಿಗೂ ತಿರುಗಬಹುದು. ರೋಗ ಇದೆ ಎಂದು ಹೇಳುವುದು ಸಹಾಯಕಿಯ ಕೆಲಸವಲ್ಲ. ಚುಚ್ಚುಮದ್ದು ಕೊಡುವುದು, ಕೊರೆಯುವುದು, ಕೀಳುವುದು, ಔಷಧಿ ಬರೆಯುವುದು ಯಾವುದೂ ಅಲ್ಲ. ಈ ಗೆರೆಯನ್ನು ತರಬೇತಿಯ ಮೊದಲ ವಾರದಲ್ಲೇ ಕಲಿಸಬೇಕು. ಆದರೆ ಕಂಡದ್ದನ್ನು ಕಾಣಬೇಕಾದವರ ಕಣ್ಣಿಗೆ ತರುವುದು ಅವಳ ಕೆಲಸವೇ.

ಊಟದ ಹೊತ್ತಿಗೆ ಮೊದಲು ಆಲ್ಜಿನೇಟ್ ಕಲಸುವ ಪಾಠ ನಡೆಯಿತು. ಹಲ್ಲಿನ ಅಚ್ಚು ತೆಗೆಯುವ ಪುಡಿ ಇದು. ಅಳತೆಯ ಪುಡಿಗೆ ಅಳತೆಯ ನೀರು, ರಬ್ಬರ್ ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ, ಗಾಳಿಗುಳ್ಳೆ ಉಳಿಯದಂತೆ ಒಂದು ನಿಮಿಷದೊಳಗೆ ಕೆನೆಯಂತಾಗಬೇಕು. ನೀರು ಬೆಚ್ಚಗಿದ್ದರೆ ಬಾಯಿಗೆ ಹೋಗುವ ಮೊದಲೇ ಗಟ್ಟಿಯಾಗುತ್ತದೆ. ಮುಂಬಯಿಯ ಮೇ ತಿಂಗಳಲ್ಲಿ ತಾಯಿ ಫ್ರಿಜ್ಜಿನ ನೀರೇ ಬಳಸುತ್ತಾರೆ. ತೆಗೆದ ಅಚ್ಚು ಒಣಗಿದರೆ ಕುಗ್ಗುತ್ತದೆ, ಆದ್ದರಿಂದ ತಡಮಾಡದೆ ಪ್ಲಾಸ್ಟರ್ ಹೊಯ್ಯಬೇಕು. ಹುಡುಗಿಯ ಮೊದಲ ಬಟ್ಟಲು ಗಂಟುಗಂಟಾಯಿತು. ಎರಡನೆಯದು ನಯವಾಯಿತು. ಹೋಳಿಗೆಗೆ ಕಣಕ ನಾದುವ ಹದ ಎಂದು ತಾಯಿ ಹೇಳಿದ್ದು ಪಠ್ಯಪುಸ್ತಕದ ಎರಡು ಪುಟಕ್ಕಿಂತ ಬೇಗ ಅವಳಿಗೆ ತಲುಪಿತು.

ಕಸದ ಡಬ್ಬಿಗಳು ಬಾತ್‌ರೂಮಿನ ಪಕ್ಕ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ರಕ್ತದ ಹತ್ತಿ, ಕಿತ್ತ ಹಲ್ಲು ಹಳದಿಗೆ, ಕೈಗವಸು ಮತ್ತು ಸಕ್ಷನ್ ಕೊಳವೆ ಕೆಂಪಿಗೆ, ಸೂಜಿ ಬ್ಲೇಡು ಚುಚ್ಚಿ ಹೊರಬಾರದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. 48 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ಹೆಬ್ಬೆರಳಿನ ಹಳೆಯ ನೆನಪಿರುವ ತಾಯಿ ಬಿಳಿ ಡಬ್ಬಿಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ, ಮುಚ್ಚುವುದು ತಾವೇ.

ಗೋಡೆಯ ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ ಬೇಕು. ಅದರ ಕೇಂದ್ರ ಕಚೇರಿ ಇಲ್ಲಿಂದ ಪೂರ್ವಕ್ಕೆ ಅಣುಶಕ್ತಿ ನಗರದಲ್ಲೇ ಇದೆ. ಫಿಲ್ಮನ್ನು ರೋಗಿಯ ಬಾಯಲ್ಲಿ ಸಹಾಯಕಿ ತನ್ನ ಬೆರಳಿನಿಂದ ಎಂದೂ ಹಿಡಿಯಬಾರದು. ಈ ನಿಯಮದ ಹಿಂದೆ ಒಬ್ಬ ಮನುಷ್ಯನ ಕೈ ಇದೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಎಡ್ಮಂಡ್ ಕೆಲ್ಸ್, ಎಕ್ಸ್‌ರೇ ಕಂಡುಹಿಡಿದ ಮರುವರ್ಷವೇ, 1896ರಲ್ಲಿ, ಅದನ್ನು ಹಲ್ಲಿಗೆ ಬಳಸಿದವರಲ್ಲಿ ಒಬ್ಬರು. ವರ್ಷಗಟ್ಟಲೆ ತಮ್ಮ ಕೈಯನ್ನೇ ಕಿರಣಕ್ಕೆ ಒಡ್ಡಿದರು. ಬೆರಳುಗಳಿಗೆ ಕ್ಯಾನ್ಸರ್ ಬಂತು, ಶಸ್ತ್ರಚಿಕಿತ್ಸೆಗಳ ಮೇಲೆ ಶಸ್ತ್ರಚಿಕಿತ್ಸೆಯಾಗಿ ತೋಳನ್ನೇ ಕಳೆದುಕೊಂಡು 1928ರಲ್ಲಿ ತೀರಿಕೊಂಡರು. ಇದೇ ಕೆಲ್ಸ್ 1885ರ ಹೊತ್ತಿಗೆ ಮಾಲ್ವಿನಾ ಕ್ಯೂರಿಯಾ ಎಂಬ ತರುಣಿಯನ್ನು ಸಹಾಯಕಿಯಾಗಿ ನೇಮಿಸಿಕೊಂಡಿದ್ದರು. ಒಳಗೆ ಇನ್ನೊಬ್ಬ ಹೆಣ್ಣುಮಗಳು ಇದ್ದಾಳೆ ಎಂಬ ಧೈರ್ಯಕ್ಕೆ ಆ ಕಾಲದ ಹೆಂಗಸರು ಗಂಡನನ್ನೋ ಅಣ್ಣನನ್ನೋ ಕರೆತರದೆ ಒಬ್ಬರೇ ಬರತೊಡಗಿದರು. ದಂತ ಸಹಾಯಕಿಯರ ಚರಿತ್ರೆಯನ್ನು ಅಲ್ಲಿಂದಲೇ ಶುರುಮಾಡುತ್ತಾರೆ. 1924ರಲ್ಲಿ ಜೂಲಿಯೆಟ್ ಸದರ್ಡ್ ಎಂಬ ಸಹಾಯಕಿ ತನ್ನಂಥವರನ್ನು ಕೂಡಿಸಿ ಅಮೆರಿಕದಲ್ಲಿ ಸಂಘ ಕಟ್ಟಿದರು. ಅಂದರೆ ಈ ವೃತ್ತಿಗೆ ತನ್ನದೇ ಸಂಘ ಬಂದು ನೂರು ವರ್ಷ ದಾಟಿದೆ.

ನಮ್ಮಲ್ಲಿ? 1948ರ ದಂತವೈದ್ಯರ ಕಾಯ್ದೆ ಮೂರು ಬಗೆಯವರಿಗೆ ನೋಂದಣಿ ಪುಸ್ತಕ ಇಟ್ಟಿತು: ದಂತವೈದ್ಯರು, ಹಲ್ಲು ಶುಚಿಗೊಳಿಸುವ ಹೈಜೀನಿಸ್ಟ್‌ಗಳು, ಹಲ್ಲುಸೆಟ್ ಮಾಡುವ ಮೆಕ್ಯಾನಿಕ್‌ಗಳು. ಕುರ್ಚಿಯ ಎಡಮಗ್ಗುಲಲ್ಲಿ ಕೂರುವವರಿಗೆ ಆ ಪುಸ್ತಕದಲ್ಲಿ ಪುಟವಿರಲಿಲ್ಲ. 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ತಂದಿತು, ಅದರಲ್ಲಿ ದಂತ ಸಹಾಯಕ ವೃತ್ತಿಗಳ ಮಾತೂ ಇದೆ. ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯ ಪಟ್ಟಿಯಲ್ಲಿ ದಂತ ಸಹಾಯಕರ ತರಬೇತಿ ಸೇರಿದೆ. ಹೈಜೀನಿಸ್ಟ್, ಮೆಕ್ಯಾನಿಕ್ ಆಗಲು ಎರಡು ವರ್ಷದ ಡಿಪ್ಲೊಮಾ ಬೇಕು. ಮುಂಬಯಿ ಸೆಂಟ್ರಲ್‌ನಲ್ಲಿ 1933ರಿಂದಿರುವ ಪಾಲಿಕೆಯ ನಾಯರ್ ದಂತ ಕಾಲೇಜು, ಕೋಟೆ ಪ್ರದೇಶದಲ್ಲಿ 1945ರಿಂದಿರುವ ಸರ್ಕಾರಿ ದಂತ ಕಾಲೇಜು ಎರಡೂ ಇಲ್ಲಿಂದ ಲೋಕಲ್‌ನಲ್ಲಿ ಒಂದು ಗಂಟೆಯೊಳಗಿನ ದಾರಿ. ಮುಂದೆ ಓದಬಯಸುವವರು ವಿಚಾರಿಸಲು ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಯಾಕೆ ಇದನ್ನು ಒತ್ತಿ ಹೇಳುತ್ತೇನೆಂದರೆ, ನಗರದ ಗೋಡೆಗಳ ಮೇಲೆ ಮೂರು ತಿಂಗಳಲ್ಲಿ ನೌಕರಿ ಎನ್ನುವ ಚೀಟಿಗಳು ಬೇಕಷ್ಟಿವೆ. ಹಣ ಕಟ್ಟುವ ಮೊದಲು ಕೇಳಿ: ಪ್ರಮಾಣಪತ್ರ ಕೊಡುವವರು ಯಾರು, ಅದನ್ನು ಬೇರೆಯವರು ಒಪ್ಪುತ್ತಾರೆಯೇ? ನಿಜವಾದ ಕುರ್ಚಿಯ ಪಕ್ಕ ಎಷ್ಟು ಗಂಟೆ ನಿಲ್ಲಿಸುತ್ತೀರಿ? ಆಟೋಕ್ಲೇವ್ ಕೈಯಾರೆ ನಡೆಸಲು ಕೊಡುತ್ತೀರಾ? ಲಸಿಕೆ ಹಾಕಿಸಿದ್ದಕ್ಕೆ ದಾಖಲೆ ಕೇಳುತ್ತೀರಾ? ಕೊನೆಯ ಪ್ರಶ್ನೆಗೆ ತಡವರಿಸುವವರ ಹತ್ತಿರ ಮಗಳನ್ನು ಬಿಡಬೇಡಿ.

ತಾಯಿಯ ಹತ್ತಿರ ಇಂದಿಗೂ ಒಂದು ಕಾಗದವಿಲ್ಲ. ಇಪ್ಪತ್ತಾರು ವರ್ಷದ ವಿದ್ಯೆ ಅವರ ಕೈಯಲ್ಲಿದೆ, ಬೇರೆ ಕಡೆ ಹೋದರೆ ಮೊದಲ ದಿನದ ಪಗಾರದಿಂದಲೇ ಶುರು. ಇದನ್ನು ಡಾಕ್ಟರೂ ಒಪ್ಪಿಕೊಂಡರು. ಹೊಸ ಹುಡುಗಿಗೆ ಕೋರ್ಸಿನ ಅರ್ಧ ಫೀಸು ತಾವೇ ಕಟ್ಟಿದ್ದಕ್ಕೆ ಅದೇ ಕಾರಣ ಎಂದರು. ಇನ್ನರ್ಧವನ್ನು ಅವಳ ಅಪ್ಪ ಟರ್ಮಿನಲ್‌ನಲ್ಲಿ ರಾತ್ರಿ ಪಾಳಿ ಹೆಚ್ಚಿಸಿಕೊಂಡು ತೀರಿಸುತ್ತಿದ್ದಾರೆ.

"ಮೊದ್ಲ ರಕ್ತ ನೋಡಿದ್ರ ತಲಿ ತಿರಗ್ತಿತ್ರಿ," ಎಂದಳು ಹುಡುಗಿ, ಷಟರ್ ಅರ್ಧ ಇಳಿಸಿ ಡಬ್ಬಿ ಬಿಚ್ಚುವಾಗ. ಜೋಳದ ರೊಟ್ಟಿ, ಶೇಂಗಾ ಹಿಂಡಿ. "ಈಗ ಮನುಷ್ಯಾರ ಮಾರಿ ನೋಡ್ತೀನ್ರಿ. ಅಂಜಿದವ್ರ ಕೈ ಕುರ್ಚಿ ಹಿಡಿ ಗಟ್ಟಿ ಹಿಡಿದಿರ್ತದ. ಆ ಕೈ ಮ್ಯಾಲ ಕೈ ಇಡ್ತೀನಿ, ಅಷ್ಟ." ತಾಯಿ ತಮ್ಮ ಡಬ್ಬಿಯ ಕುಚ್ಚಲಕ್ಕಿ ಅನ್ನವನ್ನು ಅವಳತ್ತ ಸರಿಸಿ ಒಂದು ರೊಟ್ಟಿ ತೆಗೆದುಕೊಂಡರು.

ಈ ಊರಿನ ಕನ್ನಡಿಗರಿಗೆ ದುಡಿಯುತ್ತ ಕಲಿಯುವುದು ಹೊಸದಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರ ತಲೆಮಾರು ಇಲ್ಲಿತ್ತು. ಮೊಗವೀರರ, ಬಿಲ್ಲವರ ಸಂಸ್ಥೆಗಳು ಅವರಿಗಾಗಿ ರಾತ್ರಿ ಶಾಲೆ ನಡೆಸಿದವು. ಆ ಶಾಲೆಗಳಿಂದ ಬಂದವರು ಬ್ಯಾಂಕಿಗೆ, ಕಚೇರಿಗೆ, ತಮ್ಮದೇ ಹೋಟೆಲಿಗೆ ಏರಿದರು. ಅವರ ಮಕ್ಕಳೇ ಇಂದು ನಮ್ಮ ಸಂಘಗಳ ವೇದಿಕೆಯಲ್ಲಿ ಕೂತು ಪ್ರತಿವರ್ಷ ವಿದ್ಯಾರ್ಥಿವೇತನ ಹಂಚುತ್ತಾರೆ. ಇಂಜಿನಿಯರಿಂಗಿಗೆ ಕೊಡುತ್ತಾರೆ, ಮೆಡಿಕಲ್ಲಿಗೆ ಕೊಡುತ್ತಾರೆ, ಕೊಡಬೇಕಾದದ್ದೇ. ಆದರೆ ಲೋಡಿಂಗ್ ಕೆಲಸದವನ ಮಗಳಿಗೆ ಒಂದೇ ವರ್ಷದಲ್ಲಿ ಕೈಗೆ ಹತ್ತುವ ವಿದ್ಯೆ ಇದು, ಇದಕ್ಕೆ ನಮ್ಮ ಅರ್ಜಿ ನಮೂನೆಯಲ್ಲಿ ಜಾಗವಿಲ್ಲ. ಮಾಟುಂಗ, ವಡಾಲ, ಸಯನ್, ಚೆಂಬೂರಿನ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ನನ್ನದೊಂದು ಬಿನ್ನಹ: ಮುಂದಿನ ಜೂನ್‌ನ ಅರ್ಜಿ ಅಚ್ಚಿಗೆ ಹೋಗುವ ಮೊದಲು ಕೋರ್ಸುಗಳ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ, ದಂತ ಸಹಾಯಕಿ ತರಬೇತಿ ಎಂದು.